ಬಸುರಿ ಮೋಟಾರು

ಆ ಮೋಟಾರಿಗೆ ಹೆಸರಿಟ್ಟವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಗಜೇಂದ್ರಗಡದಲ್ಲಿ ಈಗ ಯಾರನ್ನು ಕೇಳಿದರೂ ಬೇರೆ ಕಥೆ ಹೇಳುತ್ತಾರೆ. ದಲಾಲಿ ಹೂವಪ್ಪ ಆ ಹೆಸರು ತನ್ನದೇ ಎಂದು ಹದಿನೈದು ದಿನ ಎದೆ ತಟ್ಟಿಕೊಂಡು ತಿರುಗಿದ. ಮೋಟಾರು ಸುಟ್ಟ ಮೇಲೆ, ಹೆಸರಿಟ್ಟ ದಿನ ತಾನು ಚಾದಂಗಡಿಗೇ ಬಂದಿರಲಿಲ್ಲ ಎಂದ. ಇಂಥವರ ನಡುವೆ ನಾನು ಬೆಳೆದದ್ದು. ನಾನೂ ಇಂಥವನೇ.

ಮೋಟಾರು ಗುರುಸಂಗಪ್ಪ ಸಾಹುಕಾರರದು. ಅವರದು ಹತ್ತಿ ವ್ಯಾಪಾರ, ಊರ ಹೊರಗೆ ಹತ್ತಿ ಬಿಡಿಸುವ ಜಿನ್ನು. ನಾನು ಆ ಜಿನ್ನಿನ ಯಂತ್ರಗಳಿಗೆ ಎಣ್ಣೆ ಬಿಡುವವನು. ನನ್ನ ಅಣ್ಣ ಪರಶಪ್ಪ ಸಾಹುಕಾರರ ಡ್ರೈವರ. ಅಪ್ಪ ಸತ್ತಾಗ ನಾನು ನಾಲ್ಕನೇ ಇಯತ್ತೆಯಲ್ಲಿದ್ದೆ. ಸಾಲೆ ಬಿಡಿಸಿ ಕೆಲಸಕ್ಕೆ ಹಚ್ಚಿದವನೂ ಅಣ್ಣನೇ, ನನ್ನ ಹೊಟ್ಟೆ ತುಂಬುವ ತನಕ ತಾನು ರೊಟ್ಟಿ ಮುಟ್ಟದವನೂ ಅವನೇ.

ಸಾಹುಕಾರರಿಗೆ ನರಗುಂದದಲ್ಲಿ ಒಬ್ಬ ಷಡ್ಡಕ, ಪ್ರಭುಲಿಂಗಪ್ಪ. ಅವರ ಹೆಂಡತಿ ಅಕ್ಕ, ಇವರ ಹೆಂಡತಿ ಸಿದ್ದವ್ವ ತಂಗಿ. ಅಕ್ಕನಿಗೆ ನಾಲ್ಕು ಮಕ್ಕಳು. ಸಿದ್ದವ್ವನಿಗೆ ಮದುವೆಯಾಗಿ ಹನ್ನೆರಡು ವರ್ಷವಾದರೂ ಒಂದೂ ಇಲ್ಲ. ಷಡ್ಡಕರಿಬ್ಬರಿಗೂ ಎಲ್ಲದರಲ್ಲೂ ಪೈಪೋಟಿ. ಮಕ್ಕಳ ಲೆಕ್ಕದಲ್ಲಿ ಸೋತ ನಮ್ಮ ಸಾಹುಕಾರರು ಮೋಟಾರಿನಲ್ಲಾದರೂ ಗೆಲ್ಲಬೇಕೆಂದು ಹಟ ಹಿಡಿದಿದ್ದರು. ದಸರೆಯ ಬನ್ನಿಯ ದಿನ ಇಬ್ಬರ ಮೋಟಾರುಗಳೂ ಬನ್ನಿ ಹೇರಿಕೊಂಡು ಗಜೇಂದ್ರಗಡದಿಂದ ಒಟ್ಟಿಗೆ ಹೊರಡಬೇಕು. ರೋಣದ ಮೇಲೆ ಹಾದು ನರಗುಂದದ ಪ್ರಭುಲಿಂಗಪ್ಪನವರ ಕಟ್ಟೆಗೆ ಯಾರ ಬನ್ನಿ ಮೊದಲು ಮುಟ್ಟುತ್ತದೋ ಅವರು ಗೆದ್ದಂತೆ. ಸೋತವರು ನಾಲ್ಕು ಜನರ ಮುಂದೆ ಗೆದ್ದವರ ಕಾಲು ಹಿಡಿದು ಬನ್ನಿ ಕೊಡಬೇಕು. ನಮ್ಮ ಸಾಹುಕಾರರು ಎರಡು ವರ್ಷ ಕಾಲು ಹಿಡಿದಿದ್ದರು. ಎರಡೂ ಸಲ ರೋಣ ದಾಟಿದ ಮೇಲೆ ಎರೆಮಣ್ಣಿನ ಕೆಸರಿನಲ್ಲಿ ನಮ್ಮ ಮೋಟಾರು ಉದ್ದ ಮೂಗನ್ನು ನೆಲಕ್ಕೆ ಊರಿ ನಿಂತುಬಿಟ್ಟಿತ್ತು. ಹಿಂದಿನ ಗಾಲಿ ಸುಮ್ಮನೆ ಗಿರ್ರೆಂದು ತಿರುಗಿ ಅಣ್ಣನ ಮೈಗೆಲ್ಲ ರಾಡಿ ಎರಚಿತ್ತು.

ಐವತ್ನಾಲ್ಕನೇ ಇಸವಿಯ ಮಳೆಗಾಲದಲ್ಲಿ ಮಿಸ್ತ್ರಿ ಮೆಹಬೂಬಸುಭಾನಿ ಆ ಮೋಟಾರನ್ನು ಬಿಚ್ಚಿ ಹಾಕಿದ. ಅವನಷ್ಟು ಕಡಿಮೆ ಮಾತಾಡುವ ಮನುಷ್ಯನನ್ನು ನಾನು ಕಂಡಿಲ್ಲ. ಸಾಹುಕಾರರು ಏನು ಮಾಡುತ್ತೀ ಎಂದು ಕೇಳಿದ್ದಕ್ಕೆ ಅವನು ನನ್ನ ಕಡೆ ತಿರುಗಿದ.

"ನೀಲಪ್ಪ, ಗಾಡ್ಯಾಗ ಹೇರು ಎಲ್ಲಿ ಇಡ್ತಿ?"

"ಅಚ್ಚಿನ ಮ್ಯಾಲ."

"ನೊಗದ ಕಡೆ ಯಾಕ ಇಡೂದಿಲ್ಲ?"

"ಮುಂಭಾರ ಆಗ್ತೇತಿ. ಎತ್ತಿನ ಹೆಗಲ ಹರೀತಾವ, ಗಾಡಿ ಹುಗೀತೇತಿ."

"ಅಷ್ಟರಿ ಸಾಹುಕಾರ್ರ," ಎಂದ ಮಿಸ್ತ್ರಿ. "ಮೋಟಾರ ಮಾಡಿದವರು ಇಂಜಿನ್ನ ನೊಗದ ಮ್ಯಾಲ ಇಟ್ಟಾರ. ನಾ ಅದನ್ನ ತಗದು ಅಚ್ಚಿನ ಕಡೆ ಒಯ್ತೀನಿ."

ಮೂರು ತಿಂಗಳು ಹಿಡಿಯಿತು. ಇಂಜಿನ್ನು ಮುಂದಿನ ಮೂಗಿನಿಂದ ಎದ್ದು, ಕೂಡುವ ಎರಡು ಸೀಟುಗಳ ಬೆನ್ನ ಹಿಂದೆ, ಹಿಂದಿನ ಅಚ್ಚಿಗೆ ಹತ್ತಿರ ಬಂದು ಕೂತಿತು. ಉದ್ದ ಮೂಗು ಹೋಗಿ ಮುಂದೆ ಚಪ್ಪಟೆ ತಗಡು ಬಂತು. ನಡುವಿನಲ್ಲಿ ಮೈ ಉಬ್ಬಿತು. ಇಂಜಿನ್ನಿಗೆ ಗಾಳಿ ಬೇಕಲ್ಲ, ಅದಕ್ಕೆ ಎರಡೂ ಪಕ್ಕೆಗಳಲ್ಲಿ ತಗಡಿನ ಬಾಯಿಗಳು. ಮುಂದಕ್ಕೆ ತೆರೆದುಕೊಂಡ ಜೋಳಿಗೆಯ ಹಾಗೆ, ಹೆಣ್ಣುಮಗಳು ಸೆರಗು ಒಡ್ಡಿ ನಿಂತ ಹಾಗೆ ಇದ್ದವು.

ಮೋಟಾರು ಅಣ್ಣನ ಕೈಗೆ ಕೊಡುವ ದಿನ ಮಿಸ್ತ್ರಿ ನಮ್ಮಿಬ್ಬರನ್ನೂ ಆ ಬಾಯಿಗಳ ಮುಂದೆ ನಿಲ್ಲಿಸಿದ.

"ಇವು ಅದರ ಮೂಗಿನ ಹೊಳ್ಳಿ. ಎಡಕ್ಕೊಂದು, ಬಲಕ್ಕೊಂದು. ಮುಚ್ಚಿದಿರಿ ಅಂದ್ರ ಬೆನ್ನ ಹಿಂದ ಒಲಿ ಕಟಗೊಂಡು ಕುಂತಂಗ. ಅದ್ರಾಗೂ ಬಲಗಡೆ. ಹೊಗಿ ಪೈಪು ಆ ಕಡೆ ಹಾದೈತಿ, ಕೆಂಪಗ ಕಾಯ್ತೇತಿ. ಪೆಟ್ರೋಲಿನ ನಳಿಗಿನೂ ಅಲ್ಲೇ ಐತಿ. ಬಲಗಡಿ ಬಾಯಾಗ ಒಂದ ಒಣ ಎಲಿ ಬಿದ್ರೂ ನಿಂದ್ರಿಸಿ ತಗೀಬೇಕು. ಪರಶಪ್ಪ, ಬಲಕ್ಕ ಕೂಡಾವ ನೀನ."

"ಆತಪಾ," ಎಂದ ಅಣ್ಣ.

ನಾನೂ ಕೇಳಿಸಿಕೊಂಡೆ. ಎರಡೂ ಕಿವಿ ನೆಟ್ಟಗಿದ್ದವು ನನಗೆ.

*

ದಸರೆಗೆ ಹದಿನೈದು ದಿನ ಇರುವಾಗ ಅಣ್ಣ ಅದನ್ನು ಮೊದಲ ಸಲ ಪೇಟೆಗೆ ತಂದು ಸಕ್ಕೂಬಾಯಿಯ ಚಾದಂಗಡಿಯ ಮುಂದೆ ನಿಲ್ಲಿಸಿದ. ನಮ್ಮೂರಿನ ಮೋಟಾರು ಪಂಡಿತರೆಲ್ಲ ಕೂಡುವ ಜಾಗ ಅದು. ಒಬ್ಬನಿಗೂ ಸ್ವಂತ ಸೈಕಲ್ಲು ಇಲ್ಲ. ಆದರೆ ಯಾವ ಮೋಟಾರಿನ ದೀಪ ಎಷ್ಟು ಅಗಲ, ಯಾವುದರ ಹಾರನ್ನು ಹಸು ಕರೆದಂತೆ, ಯಾವುದರ ಹಿಂಭಾಗ ಚಂದ ಎಂದು ಸಂಜೆಯ ತನಕ ಹೇಳಬಲ್ಲರು. ನನಗೂ ಅಲ್ಲಿ ಒಂದು ಮೂಲೆಯ ಜಾಗವಿತ್ತು. ಜಿನ್ನಿನ ಕೆಲಸ ಮುಗಿಯುವುದನ್ನೇ ಕಾಯುತ್ತಿದ್ದೆ.

ಹೂವಪ್ಪ ದಲಾಲಿ ಬಾಕಿನಿಂದ ಎದ್ದು ಬಂದು, ಕೈ ಹಿಂದೆ ಕಟ್ಟಿಕೊಂಡು ಒಂದು ಸುತ್ತು ಹಾಕಿದ. ಎತ್ತು ಕೊಳ್ಳಲು ಬಂದವನ ಹಾಗೆ ಕೆಳಗೆ ಬಗ್ಗಿಯೂ ನೋಡಿದ.

"ಪರಶ್ಯಾ, ಇದರ ಮಾರಿ ಎಲ್ಲೈತಿ?"

"ನಿಮ್ಮ ಮುಂದ ಐತಲ್ರಿ."

"ಇದು ಮಾರಿ ಏನೋ? ಗ್ವಾಡಿಗಿ ಆನಿಸಿದ ಬಾಗಲ. ಹೋದ ವರ್ಷ ಹ್ಯಾಂಗಿತ್ತು! ಉದ್ದನ್ನ ಮೂಗು, ಮದಿಮಗನ ಕುದರಿ ಬಂದಂಗ ಬರ್ತಿತ್ತು. ಮೋಟಾರಿಗೆ ಮೂಗ ಅಂದ್ರ ಸಾಹುಕಾರಗ ರುಮಾಲ ಇದ್ದಂಗ. ತಗದ ಮ್ಯಾಲ ಏನ ಉಳೀತು?"

ಟಾಂಗಾ ಹೊಡೆಯುವವನೊಬ್ಬ, "ಕಪ್ಪಿ ಕುಂತಂಗ ಕಾಣ್ತೇತಿ ನೋಡ್ರಿ. ಈಗ ಟಣ್ಣಂತ ಹಾರತೇತಿ," ಎಂದ.

"ಹಿಂದಿನಿಂದ ನೋಡ್ರಿ, ಹಿಂದಿನಿಂದ ಚಲೋ ಐತಿ," ಎಂದು ಟೇಲರನೊಬ್ಬ ವಾದಕ್ಕೆ ನಿಂತ. "ಸೊಂಟದ ಹತ್ರ ಕಟಿಂಗ್ ಭಾರಿ ಮಾಡ್ಯಾನ ಮಿಸ್ತ್ರಿ."

"ಹಿಂದಿನಿಂದ ನೋಡಾಕ ಇದು ನಿನ್ನ ಗಿರಾಕಿ ಏನೋ?"

ಎಲ್ಲರೂ ನಕ್ಕರು. ಒಳಗಿನಿಂದ ಸಕ್ಕೂಬಾಯಿ, "ಮಾರಿ ಕಟಗೊಂಡು ಏನ ಮಾಡ್ತೀರೋ? ಒಳಗ ಕೂಡಾವ ಬೇಯ್ತಾನೇನು, ಅದನ್ನ ಕೇಳ್ರಿ," ಎಂದಳು. ಯಾರೂ ಕೇಳಲಿಲ್ಲ. ಆ ದಿನ ಅಲ್ಲಿ ಬಂದ ಒಂದೇ ಒಂದು ಬುದ್ಧಿಯ ಮಾತು ಅದು, ಚಾದ ಗ್ಲಾಸಿನ ಸಪ್ಪಳದಲ್ಲಿ ಹೋಯಿತು.

ನಾನು ಮೂಲೆಯಲ್ಲಿ ಕೂತು ನೋಡುತ್ತಿದ್ದೆ. ಕುದುರೆ ಅಂದರು, ಕಪ್ಪೆ ಅಂದರು, ಬಾಗಿಲು ಅಂದರು. ಯಾವುದೂ ಹೊಂದಿರಲಿಲ್ಲ. ನನಗೆ ಕಾಣುತ್ತಿತ್ತು ಅದು ಏನು ಅಂತ. ಬಾಯಿ ತಡೆಯಲಿಲ್ಲ.

"ದಲಾಲ್ರ, ಮಾರಿ ಬಿಡ್ರಿ, ಹೊಟ್ಟಿ ನೋಡ್ರಿ. ಇದು ಬಸುರಿ. ಹನ್ನೆರಡು ವರ್ಷದ ಮ್ಯಾಲ ಸಾಹುಕಾರ್ರ ಮನ್ಯಾಗ ಒಂದು ಬಸುರಾತು!"

ಹೂವಪ್ಪ ಬಾಕಿನ ಮೇಲೆ ಬಿದ್ದು ಬಿದ್ದು ನಕ್ಕ. ಟೇಲರನ ಚಾ ಮೂಗಿಗೆ ಹತ್ತಿತು. "ಎಲ್ಲಿದ್ಯೋ ಮಗನ ಇಷ್ಟ ದಿನ!" ಎಂದು ಟಾಂಗಾದವ ನನ್ನ ಬೆನ್ನು ಗುದ್ದಿದ. ಬೇರೆಯವರ ಲೆಕ್ಕದಲ್ಲಿ ನನಗೆ ಚಾ ಬಂತು, ಮೂಲೆಯಿಂದ ಬಾಕಿನ ನಡುವಿಗೆ ಜಾಗ ಬಂತು. ಜೀವನದಲ್ಲಿ ಮೊದಲ ಸಲ ನಾನು ಹೇಳಿದ ಮಾತು ಕೇಳಿ ದೊಡ್ಡವರು ನಕ್ಕಿದ್ದರು.

ಅಣ್ಣ ನಗಲಿಲ್ಲ. ಮನೆಗೆ ಬಂದ ಮೇಲೆ ರೊಟ್ಟಿಯ ಮುಂದೆ ಕೂತು ಹೇಳಿದ:

"ನೀಲ್ಯಾ, ಆ ತಾಯಿ ದಿನಾ ನನಗ ಉಂಡ್ಯಾ ಇಲ್ಲೋ ಅಂತ ಕೇಳ್ತಾಳ. ಬ್ಯಾರೆ ಏನರ ಅನಬೇಕಾಗಿತ್ತು."

"ಚಾಷ್ಟಿ ಅಣ್ಣಾ."

"ಹೂಂ. ಚಾಷ್ಟಿ."

ಅವನು ಅಷ್ಟೇ. ಬೈದಿದ್ದರೆ ನಾನು ತಿರುಗಿ ಬೈಯುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು.

ಹೆಸರು ಮೋಟಾರಿಗಿಂತ ಜೋರಾಗಿ ಓಡಿತು. ಹತ್ತಿ ತಂದ ಗಾಡಿಯವರು ಅದನ್ನು ಹೇರಿಕೊಂಡು ಹೋದರು. ವಾರದೊಳಗೆ ಸಾಹುಕಾರರ ಕಿವಿಗೂ ಮುಟ್ಟಿತು. ಅವರು ಜಿನ್ನಿಗೆ ಬಂದವರು ಯಾರ ಮುಖವನ್ನೂ ನೋಡದೆ ಹೋದರು. ಸಿದ್ದವ್ವನ ಕಿವಿಗೂ ಮುಟ್ಟಿರಬೇಕು. ಆದರೆ ಅದನ್ನು ಎಲ್ಲರಿಗಿಂತ ಬೇರೆಯಾಗಿ ತೆಗೆದುಕೊಂಡವಳು ಸಾಹುಕಾರರ ತಾಯಿ, ಮುದುಕಿ ಕಳಕವ್ವ.

*

ಬನ್ನಿಯ ಹಿಂದಿನ ದಿನ, ಖಂಡೇ ಪೂಜೆ ಮುಗಿದ ಸಂಜೆಯೇ ಸಾಹುಕಾರರು ಮಿಸ್ತ್ರಿಯನ್ನು ಕರೆದುಕೊಂಡು ಬಸ್ಸಿನಲ್ಲಿ ನರಗುಂದಕ್ಕೆ ಹೋದರು. ಗೆದ್ದು ಬರುವ ಮೋಟಾರನ್ನು ಷಡ್ಡಕನ ಪಕ್ಕದಲ್ಲೇ ಕೂತು ನೋಡಬೇಕಂತೆ. ಆದ್ದರಿಂದ ಬನ್ನಿಯ ದಿನ ಸಾಹುಕಾರರ ವಾಡೆಯ ಮುಂದೆ ಮೋಟಾರಿನ ಹತ್ತಿರ ಇದ್ದವರು ಅಣ್ಣ, ಕೆಸರಿನಲ್ಲಿ ನೂಕಲು ಹೊರಟಿದ್ದ ನಾನು, ಮತ್ತು ಓಣಿಯ ಹೆಂಗಸರು. ಪ್ರಭುಲಿಂಗಪ್ಪನವರ ಹಸಿರು ಮೋಟಾರು ಅದರ ಉದ್ದ ಮೂಗಿನೊಂದಿಗೆ ಊರ ಅಗಸೆಬಾಗಿಲಲ್ಲಿ ನಿಂತು ಕಾಯುತ್ತಿತ್ತು.

ಕಳಕವ್ವ ಕೋಲೂರಿ ಹೊರಗೆ ಬಂದಳು. ಹಿಂದೆ ಸಿದ್ದವ್ವ, ಕೈಯಲ್ಲಿ ದೊಡ್ಡ ತಾಟು. ತಾಟಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಬೇರು, ಉತ್ತತ್ತಿ, ಮಡಿಕೆ ಮುರಿಯದ ಎರಡು ಗುಳೇದಗುಡ್ಡದ ಕುಪ್ಪಸದ ಖಣ.

"ಇದೇನ್ರೆವ್ವಾ?" ಎಂದ ಅಣ್ಣ.

"ಉಡಿ ತುಂಬೂದೈತಿ," ಎಂದಳು ಮುದುಕಿ. "ಊರ ಮಂದಿ ಬಾಯಿ ತುಂಬ ಬಸುರಿ ಅಂದಾರ. ನಗಲಿಕ್ಕರ ಅನ್ಲಿ, ಏನಕ್ಕರ ಅನ್ಲಿ, ನಮ್ಮ ಮನಿ ಬಾಗಲಾಗ ಆ ಮಾತು ಹನ್ನೆರಡು ವರ್ಷದ ಮ್ಯಾಲ ಬಂದೈತಿ. ಬಂದ ಮಾತನ್ನ ಬರಿ ಉಡೀಲೆ ಕಳಸಬಾರದು. ತುಂಬಬೇ ಸಿದ್ದವ್ವ, ಲಗೂ ತುಂಬು."

ಸಿದ್ದವ್ವ ಮೋಟಾರಿನ ಬಲಗಡೆ ಬಂದು ನಿಂತಳು. ಸೆರಗು ಒಡ್ಡಿದಂತಿದ್ದ ಆ ತಗಡಿನ ಬಾಯಿಗೆ ಅರಿಷಿಣ ಕುಂಕುಮ ಹಚ್ಚಿದಳು. ಅಣ್ಣ ಓಡಿ ಹೋದ.

"ಅವ್ವಾರ, ಅವ್ವಾರ, ಅಲ್ಲೆ ಬ್ಯಾಡ್ರಿ. ಅದು ಅದರ ಉಸುರಿನ ಜಾಗಾರಿ. ಮುಂದ ಮಾರಿಗಿ ಹಚ್ಚರಿ, ಕಾಯಿ ಒಡೀರಿ, ಏನ ಬೇಕಾದ್ದ ಮಾಡ್ರಿ…"

"ಉಡಿ ಮಾರ್ಯಾಗ ತುಂಬ್ತಾರೇನೋ ಹುಚ್ಚಪ್ಯಾಲಿ?" ಎಂದಳು ಕಳಕವ್ವ. ಓಣಿಯ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಏನೋ ಅಂದಳು, ಅದೇನೆಂದು ಎಲ್ಲರಿಗೂ ಗೊತ್ತಿತ್ತು, ಸಿದ್ದವ್ವನಿಗೂ.

ಅವಳು ತಲೆ ಎತ್ತಲಿಲ್ಲ. ಖಣ ಹಾಸಿ, ಅದರ ಮೇಲೆ ಬೊಗಸೆ ಬೊಗಸೆ ಅಕ್ಕಿ ಹಾಕಿ, ಕೊಬ್ಬರಿ ಬಟ್ಟಲುಗಳನ್ನು ಒತ್ತಿ ಒತ್ತಿ ಇಟ್ಟು, ಖಣದ ಅಂಚನ್ನು ಮಡಚಿ ಒಳಗೆ ಸಿಗಿಸಿದಳು. ಆಮೇಲೆ ಎಡಗಡೆ ಬಂದು ಅದನ್ನೇ ಮಾಡಿದಳು. ಎಷ್ಟೋ ಜನರ ಮನೆಯಲ್ಲಿ ಉಡಿ ತುಂಬುವಾಗ ಇವಳನ್ನು ಹಿಂದೆ ಸರಿಸಿದ್ದನ್ನು ನಾನೇ ನೋಡಿದ್ದೆ. ಯಾರಿಗಾದರೂ ತಾನೇ ಉಡಿ ತುಂಬಿದ್ದು ಅವಳಿಗೆ ಅದೇ ಮೊದಲಿರಬೇಕು.

"ಪರಶಪ್ಪ," ಎಂದಳು, "ನರಗುಂದದಾಗ ನಮ್ಮಕ್ಕನ ಹೊಸಲಾ ಮುಟ್ಟೂತನಾ ತಗೀಬ್ಯಾಡಪಾ. ಸೋರಬಾರದು."

ಅಣ್ಣ ಒಮ್ಮೆ ಆ ತಗಡಿನ ಬಾಯಿ ನೋಡಿದ, ಒಮ್ಮೆ ಅವಳನ್ನು ನೋಡಿದ.

"ಆತ್ರೆವ್ವ," ಎಂದ.

ಅವನ ತಪ್ಪು ಅಷ್ಟೇ. ಅದನ್ನು ತಪ್ಪು ಅನ್ನುವವನ ನಾಲಿಗೆ ನಾನು ಕೀಳುತ್ತೇನೆ.

*

ಹೊರಟ ಮೂರು ಮೈಲಿಯೊಳಗೇ ಬೆನ್ನಿಗೆ ಬಿಸಿ ತಾಗತೊಡಗಿತು. ಅಣ್ಣ ಬೇಗ ಹೋಗಲಿಲ್ಲ. ಹಸಿರು ಮೋಟಾರು ಧೂಳು ಎಬ್ಬಿಸಿಕೊಂಡು ಕಣ್ಮರೆಯಾಯಿತು. ನಾನು ಕುದಿಯುತ್ತಿದ್ದೆ. "ಹೊಡಿ ಅಣ್ಣಾ, ಹೊಡಿ," ಅಂದೆ. "ಹೊಡದ್ರ ಕಾಯ್ತೇತಿ," ಅಂದ. ರೋಣ ಮುಟ್ಟುವ ಹೊತ್ತಿಗೆ ಅವನ ಅಂಗಿಯ ಬೆನ್ನು ತೊಯ್ದು ಹಿಂಡುವ ಹಾಗಿತ್ತು. ಬಸ್ಸು ನಿಲ್ಲುವ ಜಾಗದ ಹತ್ತಿರ ಮರದ ಕೆಳಗೆ ನಿಲ್ಲಿಸಿ, ಡಬ್ಬಿ ಹಿಡಿದು ಇಳಿದ.

"ನೀ ಎರಡೂ ಉಡಿ ತಗದು ಗಂಟ ಕಟ್ಟಿ ಇಡು. ಒಂದು ಅಕ್ಕಿಕಾಳೂ ಚಲ್ಲಬ್ಯಾಡ. ನರಗುಂದದ ಅಗಸ್ಯಾಗ ಮತ್ತ ತುಂಬಿಕೊಂಡು ಹೋಗೂಣು. ಆ ತಾಯಿಗೆ ಗೊತ್ತಾಗೂದಿಲ್ಲ. ನಾ ನೀರ ತರ್ತೀನಿ."

ಅವನು ಬಾವಿಯ ಕಡೆ ಹೋದ. ನಾನು ಎಡಗಡೆ, ಅಂದರೆ ನಾನು ಕೂತಿದ್ದ ಕಡೆ, ಖಣ ಬಿಚ್ಚಿ ಅಕ್ಕಿ, ಕೊಬ್ಬರಿ ಎಲ್ಲ ಗಂಟು ಕಟ್ಟಿ ಕಾಲ ಬಳಿ ಇಟ್ಟೆ. ಬಲಗಡೆ ಹೋಗುವಷ್ಟರಲ್ಲಿ ಜನ ಸೇರಿಬಿಟ್ಟಿದ್ದರು.

"ಬಸುರಿ ಬಂತು, ಬಸುರಿ ಬಂತು!"

ನನ್ನ ಮಾತು ನನಗಿಂತ ಮುಂಚೆ ರೋಣಕ್ಕೆ ಬಂದಿತ್ತು. ಬನ್ನಿ ಹಿಡಿದ ಗಂಡಸರು, ಹೊಸ ಸೀರೆಯ ಹೆಂಗಸರು ಮೋಟಾರಿನ ಬಲಗಡೆ ಮುತ್ತಿಕೊಂಡಿದ್ದರು. "ಖರೇನ ಉಡಿ ತುಂಬ್ಯಾರಲ್ಲೇ!" ಎಂದು ಒಬ್ಬಳು ಕೂಗಿದಳು. ಇನ್ನೊಬ್ಬಳು ತನ್ನ ಸೆರಗಿನಿಂದ ಒಂದು ಹಿಡಿ ಅಕ್ಕಿ ತೆಗೆದು ಆ ಬಾಯಿಗೆ ಹಾಕಿ, "ಗಂಡು ಹಡಿಯವ್ವ," ಅಂದಳು. ಜನ ಹೋ ಎಂದರು. ಒಬ್ಬೊಬ್ಬರೂ ಮುಂದೆ ಬಂದು ಹಿಡಿ ಹಿಡಿ ಹಾಕತೊಡಗಿದರು.

"ಈ ಹೆಸರ ಇಟ್ಟಾವ ಯಾವನಪಾ? ಭಾರಿ ಇಟ್ಟಾನ," ಎಂದ ಒಬ್ಬ ರುಮಾಲಿನವ.

ನಾನು ಮೋಟಾರಿನ ಮೆಟ್ಟಿಲ ಮೇಲೆ ಹತ್ತಿ ನಿಂತೆ.

"ನಾನ," ಅಂದೆ.

ಚಪ್ಪಾಳೆ ತಟ್ಟಿದರು. ಆ ರುಮಾಲಿನವ ನನ್ನ ಕೈಗೆ ಬನ್ನಿ ಕೊಟ್ಟು, ಬಂಗಾರದ್ಹಂಗ ಇರು ಎಂದ. ಮತ್ತೊಮ್ಮೆ ಹೇಳು ಎಂದರು, ಹೇಳಿದೆ. ಮೂರನೇ ಸಲವೂ ಹೇಳಿದೆ. ಅವರು ತುಂಬುತ್ತಿದ್ದ ಉಡಿಯನ್ನು ಆ ನಗೆಯ ನಡುವೆ ಕೈ ಹಾಕಿ ಹೇಗೆ ಕೀಳುವುದು? ಕಿತ್ತರೆ ನಗೆ ನಿಲ್ಲುತ್ತಿತ್ತು. ಅದೇ ಕಾರಣ. ಬೇರೆ ಕಾರಣ ಹುಡುಕಿ ನೋಡಿದ್ದೇನೆ, ಸಿಕ್ಕಿಲ್ಲ.

ಅಣ್ಣ ನೀರು ಹೊಯ್ದು, ಬಲಗಡೆಯ ಬಾಯಿಗೆ ಮರೆಯಾಗಿ ನಿಂತ ಜನರ ನಡುವೆ ನುಸುಳಿ, ಬಂದು ಕೂತ.

"ತಗದೀ?"

"ತಗದೆ."

"ಎರಡೂ?"

"ಹೂಂ." ಕಾಲ ಬಳಿಯ ಗಂಟನ್ನು ತೋರಿಸಿದೆ.

ಅವನು ಅದನ್ನು ನೋಡಿ, ಎರಡು ಉಡಿಯ ಗಂಟು ಇಷ್ಟೇ ಸಣ್ಣದೇ ಎಂದು ಕೇಳಲಿಲ್ಲ. ತಮ್ಮ ಹೇಳಿದ್ದ, ಮುಗಿಯಿತು. ಗೇರು ಹಾಕಿದ.

ಆ ಮೇಲಿನ ಐದು ಮೈಲಿ ನಾನು ಸಾಯುವ ತನಕ ಮರೆಯುವುದಿಲ್ಲ. ರೋಣದ ಆಚೆ ಹಿಂದಿನ ದಿನ ಮಳೆಯಾಗಿ ದಾರಿಯೆಲ್ಲ ಎರೆಯ ಅಂಟು. ಸವಡಿ ಎಂಬ ಹಳ್ಳಿಯ ಈಚೆಗೆ ಹಸಿರು ಮೋಟಾರು ಮೂಗು ಹುಗಿದುಕೊಂಡು ನಿಂತಿತ್ತು. ಅದರ ಡ್ರೈವರ ಮೊಣಕಾಲ ತನಕ ರಾಡಿಯಲ್ಲಿ ನಿಂತು ಗಾಲಿಗೆ ಜಾಲಿಕಂಟಿ ಒಟ್ಟುತ್ತಿದ್ದ. ನಮ್ಮದು ಅದರ ಪಕ್ಕದಲ್ಲೇ ಹೋಯಿತು. ಹುಗಿಯಲಿಲ್ಲ. ಹಿಂದಿನ ಗಾಲಿಗಳು ನೆಲವನ್ನು ಕಚ್ಚಿ ಹಿಡಿದು, ಒಳ್ಳೆಯ ಎತ್ತಿನ ಹಾಗೆ ಎಳೆದುಕೊಂಡು ಹೋದವು. ಅಣ್ಣ ಬಾಯಿ ತುಂಬ ನಕ್ಕ. ಅವನು ಹಾಗೆ ನಕ್ಕದ್ದು ಅಪ್ಪ ಸತ್ತ ಮೇಲೆ ನಾನು ನೋಡಿರಲಿಲ್ಲ.

"ಮೂಗಿಲ್ಲಂತ ಮೂಗು! ಬಾ ಅನ್ನು ನಿನ್ನ ಹೂವಪ್ಪ ದಲಾಲಿನ್ನ, ಈಗ ನೋಡ ಅನ್ನು ಮಾರಿ!"

ಸ್ವಲ್ಪ ದೂರ ಹೋದ ಮೇಲೆ ಅವನು ಮೂಗು ಅರಳಿಸಿದ.

"ಯಾರ ಮನ್ಯಾಗೋ ಕೊಬ್ಬರಿ ಹುರಿಯಾಕತ್ತಾರ ನೋಡು. ಹಬ್ಬದ ದಿನ, ಹಸಿವಿ ಆತು."

ನನಗೂ ಬಂತು ವಾಸನೆ. ಸುತ್ತ ಎರಡು ಮೈಲಿ ಬರೀ ಹೊಲ. ಒಂದು ಗುಡಿಸಲೂ ಇರಲಿಲ್ಲ.

ನನಗೆ ತಿಳಿಯಿತು. ನಾಲಿಗೆ ಏಳಲಿಲ್ಲ. ಮಾತಾಡಬಾರದ ಕಡೆಯಲ್ಲೆಲ್ಲ ಮಾತಾಡಿದ ನಾಲಿಗೆ. ಎಣಿಸಿದರೆ ಹತ್ತು ಉಸಿರಿನಷ್ಟು ಹೊತ್ತು ಹೋಗಿರಬೇಕು. ಆಮೇಲೆ, "ನಿಂದ್ರಸಣ್ಣಾ," ಅಂದೆ. ಅವನು ನನ್ನ ಕಡೆ ತಿರುಗಿದ. ಅಷ್ಟರಲ್ಲಿ ಬಲಗಡೆ ಹಿಂದಿನಿಂದ ಭಗ್ ಎಂದಿತು. ಕೊಬ್ಬರಿಯ ಎಣ್ಣೆ ಇಳಿದು ಖಣ ಹೊತ್ತಿ, ಬೆಂಕಿ ಪೆಟ್ರೋಲಿನ ನಳಿಗೆಗೆ ಹೋಗಿತ್ತು. ನನ್ನ ಕಡೆ ಬರೀ ಬಿಸಿಗಾಳಿ ಬಂತು. ಬೆಂಕಿಯೆಲ್ಲ ಅವನ ಬೆನ್ನಿಗೆ ಬಂತು.

ಅವನು ಮೊದಲು ಬ್ರೇಕು ಒತ್ತಿದ, ನನ್ನನ್ನು ಹೊರಗೆ ನೂಕಿದ, ಆಮೇಲೆ ತಾನು ಇಳಿದ. ಈ ಕ್ರಮ ನೆನಪಿಟ್ಟುಕೊಳ್ಳಿರಿ. ನಾನು ಎರೆಯ ಹಸಿ ಮಣ್ಣು ಬಾಚಿ ಬಾಚಿ ಅವನ ಮೇಲೆ ಹಾಕಿದೆ. ಸವಡಿಯವರೊಬ್ಬರ ಗಾಡಿ ಬಂತು. ಹೊಟ್ಟಿನ ಮೇಲೆ ಬೋರಲು ಮಲಗಿಸಿಕೊಂಡು ರೋಣದ ದವಾಖಾನೆಗೆ ತಂದೆವು. ಅದೇ ಮರದ ಕೆಳಗೆ ಹಾದು ಬಂದೆವು. ಚಪ್ಪಾಳೆ ತಟ್ಟಿದವರು ಬನ್ನಿ ಹಂಚಿಕೊಳ್ಳುತ್ತ ಇನ್ನೂ ಅಲ್ಲೇ ಇದ್ದರು.

*

ಮೂರು ದಿನ ಬದುಕಿದ್ದ. ಅತ್ತಿಗೆ ಮಾನವ್ವ ಬಂದು ಕಾಲ ಬಳಿ ಕೂತಳು, ಏಳಲಿಲ್ಲ. ಎರಡನೇ ದಿನ ಅವನಿಗೆ ಎಚ್ಚರ ಚೆನ್ನಾಗಿತ್ತು. ನನ್ನನ್ನು ಹತ್ತಿರ ಕರೆದ.

"ಮಿಸ್ತ್ರಿಗೆ ಹೇಳು. ಪೈಪಿನ್ಯಾಗ ಏನೋ ಊನ ಐತಿ ಅಂತ. ಎರಡೂ ಬಾಯಿ ತಗದಿದ್ವಿ, ಆದ್ರೂ ಹತ್ತಿತು. ಮುಂದ ಮತ್ತೊಂದು ಮಾಡೂದಾದ್ರ ನೋಡಿ ಮಾಡ ಅನ್ನು. ಇನ್ನೊಬ್ಬಂವ ಕೂಡ್ತಾನ ಅಲ್ಲೆ."

"ಹೂಂ," ಅಂದೆ.

"ಮರೀಬ್ಯಾಡ."

"ಇಲ್ಲಣ್ಣಾ."

ಮರುದಿನ ಬೆಳಗಿನ ಹೊತ್ತಿಗೆ ಹೋದ.

ಮಿಸ್ತ್ರಿಗೆ ಹೇಳುವುದು ಬೇಕಾಗಲಿಲ್ಲ. ಅವನು ಸವಡಿಯ ದಾರಿಗೆ ಹೋಗಿ ಸುಟ್ಟ ಮೋಟಾರಿನ ಮುಂದೆ ಒಂದು ಹಗಲು ಕೂತು ಬಂದಿದ್ದ. ಮಣ್ಣು ಮಾಡಿದ ದಿನ ನನ್ನನ್ನು ಪಕ್ಕಕ್ಕೆ ಕರೆದು ಕರಿಯಾದ ಅಕ್ಕಿಯ ಒಂದು ಮುದ್ದೆಯನ್ನು ಅಂಗೈಯಲ್ಲಿ ತೋರಿಸಿದ.

"ಬಲಗಡಿ ಬಾಯಾಗ ಇದು ತುಂಬಿ ಕುಂತೈತಿ. ಎಡಗಡಿ ಬಾಯಿ ಸ್ವಚ್ಛ ಐತಿ."

ನಾನು ನೆಲ ನೋಡಿದೆ.

"ಎಡಕ್ಕ ನೀ ಕುಂತಿದ್ದಿ," ಎಂದ. ಮುದ್ದೆಯನ್ನು ನನ್ನ ಕೈಯಲ್ಲಿಟ್ಟು ಹೋದ. ಆಮೇಲೆ ಅವನು ನನ್ನ ಜೊತೆ ಮಾತಾಡಿಲ್ಲ. ಅಂಗಡಿ ಮುಚ್ಚಿ ಎಲ್ಲಿಗೋ ಹೋದ.

ಊರು ಅಷ್ಟರಲ್ಲಿ ತೀರ್ಮಾನ ಮಾಡಿಬಿಟ್ಟಿತ್ತು. ಬಂಜೆಯ ಕೈಯಿಂದ ಉಡಿ ತುಂಬಿಸಿದರೆ ಏನಾಗಬೇಕು, ಅದೇ ಆಯಿತಂತೆ. ಬೆಂಕಿ ಪೈಪಿನಿಂದ ಬರಲಿಲ್ಲ, ಸಿದ್ದವ್ವನ ಬೆರಳಿನಿಂದ ಬಂತಂತೆ. ತುಂಬು ಎಂದು ಹೇಳಿದ ಕಳಕವ್ವನೇ ಮೊದಲು ಹಾಗೆ ಅಂದಳಂತೆ. ಸಾಹುಕಾರರಿಗೆ ಈ ಮಾತು ಹಸಿದವನಿಗೆ ಅನ್ನ ಸಿಕ್ಕಂತೆ ಸಿಕ್ಕಿತು. ಎರಡನೇ ಮದುವೆಗೆಂದು ಕೊಣ್ಣೂರಿನ ಕಡೆ ಹೆಣ್ಣು ನೋಡಲು ಆಗಲೇ ಮಂದಿ ಹೋಗಿ ಬಂದಿದ್ದರು. ಸಿದ್ದವ್ವನನ್ನು ಇಟಗಿಯ ತವರಿಗೆ ಕಳಿಸುವುದೆಂದು ಗೊತ್ತಾಯಿತು.

ನಾನು ಸಕ್ಕೂಬಾಯಿಯ ಅಂಗಡಿಗೆ ಹೋದೆ. ಎಲ್ಲರೂ ಇದ್ದರು. ನನ್ನನ್ನು ಕಂಡು ಬಾಕಿನ ನಡುವೆ ಜಾಗ ಬಿಟ್ಟರು. ಕೂಡಲಿಲ್ಲ.

"ಕೇಳ್ರಿ. ಆ ತಾಯಿದು ಏನೂ ತಪ್ಪಿಲ್ಲ. ಅಣ್ಣ ಎರಡೂ ತಗಿ ಅಂದಿದ್ದ. ನಾ ಒಂದ ತಗದು ಎರಡೂ ತಗದೆ ಅಂದೆ. ರೋಣದಾಗ ಮಂದಿ ನಗತಿದ್ರು, ಅದಕ್ಕ ತಗೀಲಿಲ್ಲ. ನಿಮ್ಮ ಮುಂದ ಹೇಳಿದ ಚಾಷ್ಟಿನ ಅಲ್ಲೂ ಹೇಳಕೋತ ನಿಂತಿದ್ದೆ. ಕೊಂದಾವ ನಾನು."

ಟೇಲರ ಗ್ಲಾಸು ಕೆಳಗಿಟ್ಟ. ಹೂವಪ್ಪ ಎದ್ದು ಬಂದು ಹೆಗಲ ಮೇಲೆ ಕೈ ಇಟ್ಟ.

"ಒಡಹುಟ್ಟಿದಾವ ಹೋದ ಸಂಕಟಪಾ ಇದು. ಮನಸ್ಸು ಹಿಂಗ ತನ್ನ ಮ್ಯಾಲ ಹಾಕ್ಕೋತೇತಿ. ಆ ಕೈ ಅಂಥಾದ್ದು, ನೀ ಏನ ಮಾಡ್ತಿ? ಸಕ್ಕೂಬಾಯಿ, ಇವಗೊಂದು ಚಾ ಕೊಡು."

"ದಲಾಲ್ರ, ಖರೇ ಹೇಳಾಕತ್ತೀನಿ!"

"ಹೌದಪಾ, ಹೌದು. ಕೂಡು."

ಅವನ ಕೈಯನ್ನು ಝಾಡಿಸಿ ವಾಡೆಗೆ ಹೋದೆ. ಸಾಹುಕಾರರು ಪಡಸಾಲೆಯಲ್ಲಿ ಕೂತಿದ್ದರು. ಅವರ ಮುಂದೆಯೂ ಅದನ್ನೇ ಹೇಳಿದೆ. ಅವರು ಪೂರ್ತಿ ಕೇಳಿದರು. ಆಮೇಲೆ ಹೊರಗೆ ಯಾರಾದರೂ ಇದ್ದಾರೆಯೇ ಎಂದು ನೋಡಿ, ಮೆಲ್ಲಗೆ ಹೇಳಿದರು:

"ಸತ್ತವನ ತಮ್ಮ ಅಂತ ಸುಮ್ಮನದೀನಿ. ಈ ಮಾತು ಇನ್ನೊಮ್ಮೆ ಆಡಿದಿ ಅಂದ್ರ ಜಿನ್ನಿನ್ಯಾಗ ನಿನಗೂ ಕೆಲಸಿಲ್ಲ, ನಿಮ್ಮ ವೈನಿಗೂ ಇಲ್ಲ."

ಅತ್ತಿಗೆ ಆ ವಾರವಷ್ಟೇ ಹತ್ತಿ ಆರಿಸುವ ಕೆಲಸಕ್ಕೆ ಹತ್ತಿದ್ದಳು. ನಾನು ಹೊರಗೆ ಬಂದೆ. ಒಳಗಿನ ಬಾಗಿಲ ಸಂದಿಯಲ್ಲಿ ಯಾರೋ ನಿಂತಿದ್ದರು. ಬಳೆಯ ಸಪ್ಪಳ ಕೇಳಿಸಿತು. ಸಿದ್ದವ್ವ ಕೇಳಿಸಿಕೊಂಡಳೆಂದು ನನಗೆ ಗೊತ್ತು.

ಗೌರಿ ಹುಣ್ಣಿಮೆಯ ಮುಂಚೆ ಅವಳನ್ನು ಕಳಿಸಿದರು. ಮೋಟಾರು ಇಲ್ಲ, ಎತ್ತಿನ ಗಾಡಿ. ಮುಂದೆ ಗಾಡಿ ಹೊಡೆಯುವವ, ಅವನ ಬೆನ್ನಿಗೆ ಎರಡು ಕಬ್ಬಿಣದ ಟ್ರಂಕು, ಹಿಂದೆ ತಲೆಯ ಮೇಲೆ ಸೆರಗು ಎಳೆದುಕೊಂಡು ಸಿದ್ದವ್ವ. ಗಾಡಿ ಸಕ್ಕೂಬಾಯಿಯ ಅಂಗಡಿಯ ಮುಂದೆಯೇ ಹೋಗಬೇಕು, ಬೇರೆ ದಾರಿ ಇಲ್ಲ. ಬಾಕಿನ ಮೇಲಿನವರೆಲ್ಲ ಕತ್ತು ತಿರುಗಿಸಿ ನೋಡಿದರು. ನಾನೂ ಅಲ್ಲಿದ್ದೆ. ಎಲ್ಲಿಗೆ ಹೋಗಲಿ, ಊರಿನಲ್ಲಿ ಇರುವುದು ಅದೊಂದೇ ಚಾದಂಗಡಿ.

ಅವಳು ಯಾರ ಕಡೆಗೂ ತಿರುಗಲಿಲ್ಲ. ಗಾಡಿ ತಿರುವಿನಲ್ಲಿ ಇಳಿಯುವಾಗ ಎತ್ತುಗಳ ಕುತ್ತಿಗೆ ಬಗ್ಗಿತು. ಹೂವಪ್ಪ ಚಾ ಹೀರಿ ಗ್ಲಾಸು ಕೆಳಗಿಟ್ಟ.

"ಗಾಡಿ ಚಲೋ ಐತಿ. ಗಾಲಿ ಹೊಸಾವು. ಆದ್ರ ಹೇರಿದ್ದು ಸರಿಯಾಗಿಲ್ಲ ನೋಡ್ರಿ, ಮುಂಭಾರ ಆಗೇತಿ."

ಖರೇ ಇತ್ತು. ಅವನು ಹೇಳುವ ಮುಂಚೆಯೇ ಅದು ನನಗೂ ಕಂಡಿತ್ತು.